ವಿಮಾ ಕಂಪನಿ ಶೇರಿಗೆ ಹತ್ತು ವರ್ಷದ ಸರಾಸರಿ ಲಾಭದ ಲೆಕ್ಕ ಹೊಂದ್ತದೇನ್ರಿ?

ಗಂಜ್ ಮುನೀಮ (ಕಲಬುರಗಿ)

ನಮಸ್ಕಾರ್ರಿ. ನೆಹರು ಗಂಜಿನಾಗ ಒಂದು ದಾಲ್ ಮಿಲ್ಲಿನ ಲೆಕ್ಕ ಬರಿಯೋನು ನಾ. 2022ರ ಮೇದಾಗ ಎಲ್‌ಐಸಿ ಐಪಿಒ ಬಂದಾಗ ಪಾಲಿಸಿದಾರರ ಕೋಟಾದಾಗ ಒಂದು ಲಾಟ್ ಹಾಕಿದ್ದೆ. 949ರಾಗ 60 ರೂಪಾಯಿ ಬಿಟ್ಟು 889ರಂತೆ 15 ಶೇರು ಬಂದ್ವು. ಪಟ್ಟಿ ಆದ ಮೊದಲ ದಿನಾನೇ ಅದಕ್ಕಿಂತ ಕೆಳಗ ಇಳೀತು. ಇರಲಿ, ಇಟ್ಟುಕೊಳ್ಳೋದಾ ಮಾರೋದಾ ಅಂತ ಕೇಳ್ಲಿಕ್ಕೆ ಬಂದಿಲ್ಲ. ನನ್ನ ತಕರಾರು ಲೆಕ್ಕದ್ದು.

ತೊಗರಿ ವ್ಯವಹಾರದಾಗ ಒಂದು ವರ್ಷದ ಲಾಭ ನೋಡಿ ಮಿಲ್ಲಿಗೆ ಬೆಲೆ ಕಟ್ಟೋ ಸೇಠಜಿ ಯಾರೂ ಇಲ್ಲ. ಒಂದು ವರ್ಷ ಮಳಿ ಕೈಕೊಟ್ಟು ರೇಟು ಏರಿತಂದ್ರ ದಾಸ್ತಾನು ಇಟ್ಟವ ರಾಜ. ಮರು ವರ್ಷ ಸರ್ಕಾರ ಹೊರಗಿನ ತೊಗರಿ ತರಿಸ್ತಂದ್ರ ಅವನೇ ಸಾಲಗಾರ. ಎಂಟ್ಹತ್ತು ವರ್ಷದ ಖಾತೆ ಬಿಚ್ಚಿ ಕುಂತ್ರನೇ ಮಿಲ್ಲಿನ ಖರೇ ಕಿಮ್ಮತ್ತು ತಿಳೀತದ. ಜಾನ್ ಕ್ಯಾಂಪ್‌ಬೆಲ್, ರಾಬರ್ಟ್ ಶಿಲ್ಲರ್ ಅನ್ನೋರು 1988ರಾಗ ಅಮೆರಿಕದ ಇಡೀ ಶೇರು ಪೇಟೆಗೆ ಹಿಂಗೇ ಲೆಕ್ಕ ಹಚ್ಯಾರ. ಹಿಂದಿನ ಹತ್ತು ವರ್ಷದ ಲಾಭ ತಗೊ, ಪ್ರತಿ ವರ್ಷದ್ದನ್ನೂ ಹಣದುಬ್ಬರ ಕೂಡಿಸಿ ಇವತ್ತಿನ ರೂಪಾಯಿಗೆ ತಾ, ಸರಾಸರಿ ತೆಗಿ, ಬೆಲೆಯನ್ನ ಅದರಿಂದ ಭಾಗಿಸು. ಅದಕ್ಕ ಕೇಪ್ ಅಂತಾರ, ಶಿಲ್ಲರ್ ಪಿಇ ಅಂತನೂ ಅಂತಾರ.

ನಾ ಅದನ್ನ ಎಲ್‌ಐಸಿಗೆ ಹಚ್ಚಿ ನೋಡೀನಿ. ನನಗ ಸಿಕ್ಕಿದ್ದು 2018-19ರಿಂದ ಏಳು ವರ್ಷದ ಅಂಕಿ. ಮೊದಲ ಮೂರು ವರ್ಷ ಸುಮಾರು 2,600, 2,700, 2,900 ಕೋಟಿ. 2021-22ಕ್ಕ 4,043 ಕೋಟಿ. ಆಮೇಲೆ ಒಮ್ಮೆಲೇ 36,397, 40,676, 48,151 ಕೋಟಿ. ಹಣದುಬ್ಬರಕ್ಕ ನಮ್ಮ ಟೇಬಲ್ ಮ್ಯಾಲೇ ಇರೋ ಆದಾಯ ತೆರಿಗೆಯವರ ವೆಚ್ಚ ಹಣದುಬ್ಬರ ಸೂಚ್ಯಂಕ ಹಿಡಿದೀನಿ, 2018-19ಕ್ಕ 280, 2024-25ಕ್ಕ 363. ಶೇರು 632.5 ಕೋಟಿ.

ಸರಾಸರಿ ಬಂದಿದ್ದು ಶೇರಿಗೆ 32 ರೂಪಾಯಿ 80 ಪೈಸೆ. ಬೆಲೆ 900 ಅಂತ ಇಟ್ಟುಕೊಂಡ್ರ 27 ಪಟ್ಟು. ಆದ್ರ 2024-25ರ ಒಂದೇ ವರ್ಷದ ಲಾಭ ಹಿಡಿದ್ರ ಶೇರಿಗೆ 76 ರೂಪಾಯಿ, ಬರೀ 12 ಪಟ್ಟು. ಒಂದೇ ಶೇರು ಒಂದು ಕಡಿ ಅಗ್ಗ, ಇನ್ನೊಂದು ಕಡಿ ತುಟ್ಟಿ. ಯಾವುದು ಹಿಡಿಬೇಕು? ಸೂಚ್ಯಂಕ ತಪ್ಪು ಹಿಡಿದದ್ದಕ್ಕ ಹಿಂಗ ಬಂತೇನು?

ಶಹಾಪುರ ಹುಡುಗ (ಯಾದಗಿರಿ)

ಅಣ್ಣಾ, 12 ಪಟ್ಟು ಅಂದ್ರ ಅಗ್ಗ. ಮುಗೀತು. ಕಂಪನಿ ಮುಂದ ಎಷ್ಟು ಗಳಸ್ತದ ಅಂತ ನೋಡಬೇಕು, 2018ರ ಖಾತೆ ಕೆದರಿ ಏನು ಸಿಗ್ತದ? ಅಮೆರಿಕದ ಪ್ರೊಫೆಸರ್ ಲೆಕ್ಕ ಅಮೆರಿಕಕ್ಕಿರಲಿ.

ಬೀದರ್ ಸರ್ವೇಯರ್

ಮುನೀಮರೆ, ಲೆಕ್ಕ ಸರಿಯಾಗಿದೆ. ನಾನು ಶೇರು ಸಲಹೆಗಾರ ಅಲ್ಲ, ವಿಮಾ ನಷ್ಟದ ಸಮೀಕ್ಷೆ ಮಾಡುವವನು. ಸುಟ್ಟ ಗೋದಾಮು, ಪಲ್ಟಿಯಾದ ಲಾರಿ, ಇದೇ ನನ್ನ ಕಸುಬು. ಆ ಕಡೆಯಿಂದ ಹೇಳುತ್ತೇನೆ.

ಸೂಚ್ಯಂಕದ ಮಾತು ಮೊದಲು ಮುಗಿಸೋಣ. ತೆರಿಗೆಯ ಸೂಚ್ಯಂಕ ಇದಕ್ಕೆ ಬೇಡ. ನಗರ ಗ್ರಾಹಕ ಬೆಲೆ ಸೂಚ್ಯಂಕದ ಏರಿಕೆಯಲ್ಲಿ ಶೇ 75ರಷ್ಟನ್ನು ಮಾತ್ರ ಅದು ಲೆಕ್ಕಕ್ಕೆ ಹಿಡಿಯುತ್ತದೆ, ಅದೂ ಹಿಂದಿನ ವರ್ಷದ ಏರಿಕೆ. ಗ್ರಾಹಕ ಬೆಲೆ ಸೂಚ್ಯಂಕದ ವಾರ್ಷಿಕ ಸರಾಸರಿ 2018-19ರಲ್ಲಿ ಸುಮಾರು 139.6 ಇದ್ದದ್ದು 2024-25ಕ್ಕೆ 192.6 ಆಯಿತು, ಅಂದರೆ ಶೇ 38. ನಿಮ್ಮ ಪಟ್ಟಿ ತೋರಿಸುವುದು ಶೇ 30 ಕೂಡ ಇಲ್ಲ. ಆದರೂ ಎಲ್‌ಐಸಿ ಲೆಕ್ಕದಲ್ಲಿ ಇದರಿಂದ ಏನೂ ಆಗುವುದಿಲ್ಲ. ಸರಿಯಾದ ಸೂಚ್ಯಂಕ ಹಾಕಿ ನೋಡಿದೆ, 32.80 ಹೋಗಿ 33 ಆಯಿತು, ಅಷ್ಟೇ. ದೊಡ್ಡ ಲಾಭವೆಲ್ಲ ಕಡೆಯ ಮೂರು ವರ್ಷದ್ದು, ಅಲ್ಲಿ ಉಬ್ಬರ ಸೇರಿಸಲು ಜಾಗವೇ ಇಲ್ಲ.

ರೋಗ ಬೇರೆ ಕಡೆ ಇದೆ. ನೀವು ಕೂಡಿಸಿದ ಏಳು ಅಂಕಿಗಳು ಒಂದೇ ಜಾತಿಯವಲ್ಲ. ಎಲ್‌ಐಸಿ ಕಾಯ್ದೆಗೆ 2021ರಲ್ಲಿ ತಿದ್ದುಪಡಿ ಆಗುವ ತನಕ ಎಲ್ಲ ಪಾಲಿಸಿಗಳ ಹಣ ಒಂದೇ ನಿಧಿಯಲ್ಲಿತ್ತು. ಮಿಗತೆಯಲ್ಲಿ ಶೇ 95 ಪಾಲಿಸಿದಾರರಿಗೆ ಬೋನಸ್, ಶೇ 5 ಮಾತ್ರ ಮಾಲೀಕನಿಗೆ, ಅಂದರೆ ಕೇಂದ್ರ ಸರ್ಕಾರಕ್ಕೆ. ಆ 2,600 ಕೋಟಿ ಅಂದರೆ ಈ ಐದು ಪೈಸೆ ಪಾಲು. ಆಮೇಲೆ ನಿಧಿ ಎರಡು ಭಾಗವಾಯಿತು. ಬೋನಸ್ ಇಲ್ಲದ ಪಾಲಿಸಿಗಳ ಮಿಗತೆ ಪೂರ್ತಿ ಶೇರುದಾರರಿಗೆ. ಬೋನಸ್ ಪಾಲಿಸಿಗಳಲ್ಲಿ ಶೇರುದಾರರ ಪಾಲು 5ರಿಂದ 7.5, ಅಲ್ಲಿಂದ 10ಕ್ಕೆ ಹಂತಹಂತವಾಗಿ ಏರಿತು. 2022-23ರ 36,397 ಕೋಟಿಯಲ್ಲಿ 27,000 ಕೋಟಿಗೂ ಮಿಕ್ಕಿದ್ದು ಬೋನಸ್ ಇಲ್ಲದ ನಿಧಿಯಿಂದ ಶೇರುದಾರರ ಖಾತೆಗೆ ವರ್ಗ ಮಾಡಿದ ಹಣ. ಅದರಲ್ಲೂ ನಾಲ್ಕೂವರೆ ಸಾವಿರ ಕೋಟಿ ಅದರ ಹಿಂದಿನ ವರ್ಷದ್ದು.

ಎಲ್‌ಐಸಿಯ ಎಂಬೆಡೆಡ್ ವ್ಯಾಲ್ಯೂ, ಅಂದರೆ ಮಾರಿದ ಪಾಲಿಸಿಗಳ ಮುಂದಿನ ಲಾಭ ಮತ್ತು ಬಂಡವಾಳ ಸೇರಿ ಶೇರುದಾರರ ಪಾಲಿನ ಮೌಲ್ಯ, 2021ರ ಮಾರ್ಚ್‌ನಲ್ಲಿ 95,605 ಕೋಟಿ, ಅದೇ ಸೆಪ್ಟೆಂಬರ್‌ನಲ್ಲಿ 5,39,686 ಕೋಟಿ. ಆರು ತಿಂಗಳಲ್ಲಿ ಸಂಸ್ಥೆ ಐದು ಪಟ್ಟು ಬೆಳೆಯಲಿಲ್ಲ, ಯಾರ ಪಾಲು ಎಷ್ಟು ಅನ್ನುವುದು ಬದಲಾಯಿತು. ಏರಿಳಿತ ಇದ್ದರೆ ಸರಾಸರಿ ಅದನ್ನು ಸಮ ಮಾಡುತ್ತದೆ, ಹಂಚಿಕೆಯ ಕಾನೂನೇ ಬದಲಾದರೆ ಸರಾಸರಿಯಿಂದ ಬರುವ 33 ರೂಪಾಯಿ ಯಾವ ವರ್ಷದ ಸತ್ಯವೂ ಅಲ್ಲ. ಹಾಗಂತ ಶಹಾಪುರದ ತಮ್ಮನ 12 ಪಟ್ಟೂ ಪೂರ್ತಿ ನಂಬುವ ಮಾತಲ್ಲ. ಆ ವರ್ಗಾವಣೆ ಪ್ರತಿ ವರ್ಷ ಎಷ್ಟು ಬರುತ್ತದೆ ಅನ್ನುವುದರ ಮೇಲೆ ಅದು ನಿಂತಿದೆ.

ಜೀವ ವಿಮೆಗೆ ನಾನು ಎಂಬೆಡೆಡ್ ವ್ಯಾಲ್ಯೂ ಹಿಡಿಯುತ್ತೇನೆ. ಈಗಾಗಲೇ ಮಾರಿದ ಪಾಲಿಸಿಗಳಿಂದ ಮುಂದೆ ಶೇರುದಾರರಿಗೆ ಬರಬೇಕಾದ ಲಾಭದ ಇವತ್ತಿನ ಬೆಲೆ, ಅದಕ್ಕೆ ಕೈಯಲ್ಲಿರುವ ಬಂಡವಾಳ ಸೇರಿಸಿದ್ದು. 2025ರ ಮಾರ್ಚ್‌ನಲ್ಲಿ 7,76,876 ಕೋಟಿ ಇತ್ತು, ಶೇರಿಗೆ 1,228 ರೂಪಾಯಿ. ಅಷ್ಟು ದೊಡ್ಡ ರಾಶಿಗೆ ಆ ವರ್ಷದ ಹೊಸ ಪಾಲಿಸಿಗಳು ಸೇರಿಸಿದ ಮೌಲ್ಯ 10,011 ಕೋಟಿ. ಪೇಟೆ 1,228 ಕೊಡದೆ 900ಕ್ಕೆ ನಿಲ್ಲುವುದಕ್ಕೆ ಈ ಎರಡನೇ ಅಂಕಿಯೂ ಒಂದು ಕಾರಣ ಅಂತ ನನ್ನ ಅನಿಸಿಕೆ.

ಆದರೆ ನಿಮ್ಮ ಹತ್ತು ವರ್ಷದ ಲೆಕ್ಕ ವ್ಯರ್ಥ ಅಲ್ಲ. ಅದರ ಜಾಗ ಸಾಮಾನ್ಯ ವಿಮೆ: ವಾಹನ, ಬೆಂಕಿ, ಆರೋಗ್ಯ, ಬೆಳೆ. ಇಲ್ಲಿ ಒಂದು ವರ್ಷದ ಲಾಭ ಅನ್ನುವುದೇ ಅರ್ಧ ಅಂದಾಜು.

ಒಂದು ಲೆಕ್ಕ ನೋಡಿ. ಹುಮನಾಬಾದ್ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್, ಹಿಂದೆ ರಿಫ್ಲೆಕ್ಟರ್ ಇಲ್ಲ, ರಾತ್ರಿ ಬೈಕ್ ಸವಾರ ಹೋಗಿ ಗುದ್ದಿ ತೀರಿಕೊಂಡ. ವಯಸ್ಸು 28, ಗ್ಯಾರೇಜ್ ಮೆಕ್ಯಾನಿಕ್, ತಿಂಗಳ ಗಳಿಕೆ 10,000, ಮನೆಯಲ್ಲಿ ಅವನನ್ನೇ ನಂಬಿದವರು ನಾಲ್ಕು ಜನ. ಟ್ರ್ಯಾಕ್ಟರ್ ವಿಮೆಯ ಪ್ರೀಮಿಯಂ ಕಂಪನಿಗೆ ಆ ವರ್ಷವೇ ಆದಾಯ ಆಯಿತು. ಪರಿಹಾರದ ಆದೇಶ ನ್ಯಾಯಮಂಡಳಿಯಿಂದ ಬರುವುದು ಎಷ್ಟೋ ವರ್ಷದ ಮೇಲೆ. ಅಲ್ಲಿಯ ತನಕ ಕಂಪನಿ ಅಂದಾಜಿನ ಮೇಲೆ ಹಣ ತೆಗೆದಿಡುತ್ತದೆ. ಹಳೆ ರೀತಿ ವರ್ಷಕ್ಕೆ 1,20,000, ಅದರಲ್ಲಿ ಸ್ವಂತ ಖರ್ಚು ಕಾಲು ಭಾಗ ಕಳೆದು 90,000, ವಯಸ್ಸಿನ ಗುಣಕ 17, ಒಟ್ಟು 15,30,000. ಸ್ವಂತ ದುಡಿಮೆಯವರಿಗೆ ಮುಂದಿನ ಗಳಿಕೆಯ ಹೆಚ್ಚಳ ಸೇರಿಸಬೇಕೋ ಬೇಡವೋ ಅಂತ ತೀರ್ಪುಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಪ್ರಣಯ್ ಸೇಠಿ ಪ್ರಕರಣದಲ್ಲಿ 40 ವರ್ಷದೊಳಗಿನವರಿಗೆ ಶೇ 40 ಸೇರಿಸಿ ಅಂತ ಹೇಳಿತು. ಅದೇ ಅಪಘಾತ, ಅದೇ ಪಾಲಿಸಿ, ಈಗ 21,42,000. ಮೇಲೆ ಬಡ್ಡಿ. ಅಂತ್ಯಸಂಸ್ಕಾರ ಇತ್ಯಾದಿಗೆ ಗೊತ್ತು ಮಾಡಿದ ಮೊತ್ತಗಳನ್ನೂ ಮೂರು ವರ್ಷಕ್ಕೊಮ್ಮೆ ಶೇ 10 ಏರಿಸಬೇಕು ಅಂತ ಅದೇ ತೀರ್ಪು. ಪ್ರೀಮಿಯಂ ಮಾತ್ರ ಹಳೆಯದು, ಅದೂ ಮೂರನೇ ವ್ಯಕ್ತಿ ವಿಮೆಯ, ಅಂದರೆ ವಾಹನದಿಂದ ಬೇರೆಯವರಿಗೆ ಆದ ಹಾನಿ ತುಂಬುವ ವಿಮೆಯ, ದರ ಕಂಪನಿ ಕೈಯಲ್ಲಿಲ್ಲ, ಸರ್ಕಾರದ ಅಧಿಸೂಚನೆಯಿಂದ ಬರುತ್ತದೆ.

ಅಂದಾಜು ಕಡಿಮೆ ಇಟ್ಟ ವರ್ಷ ಲಾಭ ಚೆನ್ನಾಗಿ ಕಾಣುತ್ತದೆ, ಆದೇಶ ಬಂದ ವರ್ಷ ಹೊಡೆತ. ಇವೆರಡನ್ನೂ ಒಂದೇ ಚೀಲಕ್ಕೆ ಹಾಕುವುದಕ್ಕೆ ಏಳೆಂಟು ವರ್ಷವಾದರೂ ಬೇಕು. ಅಲ್ಲಿ ನಿಮ್ಮ ಲೆಕ್ಕ ಹಿಡಿಯುತ್ತದೆ.

ಗಂಜ್ ಮುನೀಮ (ಕಲಬುರಗಿ)

ಸರ್, ಇದು ತಲಿಗೆ ಹತ್ತಿತು. ರಾತ್ರಿ ಕುಂತು ನ್ಯೂ ಇಂಡಿಯಾ ಅಶ್ಯೂರೆನ್ಸ್ ಹಚ್ಚಿ ನೋಡೀನಿ, ಗ್ರಾಹಕ ಬೆಲೆ ಸೂಚ್ಯಂಕ ಹಿಡಿದೇ. 2017-18ಕ್ಕ ಲಾಭ ಸುಮಾರು 2,200 ಕೋಟಿ, ಮರು ವರ್ಷ 580. ಆಮೇಲೆ 1,418, 1,605. ಕೋವಿಡ್ ಎರಡನೇ ಅಲೆ ಬಂದ 2021-22ಕ್ಕ ಬರೀ 164 ಕೋಟಿ. ಅಲ್ಲಿಂದ 1,055, 1,129, 988. ಎಂಟು ವರ್ಷ 2024-25ರ ರೂಪಾಯಿಗೆ ತಂದು ಸರಾಸರಿ ತೆಗೆದ್ರ 1,415 ಕೋಟಿ, 164.8 ಕೋಟಿ ಶೇರಿಗೆ ಹಂಚಿದ್ರ 8 ರೂಪಾಯಿ 60 ಪೈಸೆ.

ಬೆಲೆ 180 ಅಂತ ಇಟ್ಟುಕೊಳ್ರಿ. ಸರಾಸರಿ ಮ್ಯಾಲೆ 21 ಪಟ್ಟು, ಕಡೀ ವರ್ಷದ ಮ್ಯಾಲೆ 30 ಪಟ್ಟು, 2021-22ರ ಮ್ಯಾಲೆ ನೋಡಿದ್ರ 180 ಪಟ್ಟು! ಇಲ್ಲಿ ಸೂಚ್ಯಂಕದ್ದೂ ಫರಕ್ ಬೀಳ್ತದ. ಹಳೇ ವರ್ಷದಾಗೇ ಲಾಭ ದೊಡ್ಡದು ಅದ, 2017-18ರ 2,200 ಕೋಟಿ ಇವತ್ತಿನ ರೂಪಾಯಿಗೆ 3,140 ಆಗ್ತದ. ಹಂಗಾದ್ರ ನಾ 21 ಹಿಡೀಲ್ಯಾ?

ಬೀದರ್ ಸರ್ವೇಯರ್

ಹಿಡಿಯಿರಿ, ಆದರೆ ಆ ಲಾಭ ಎಲ್ಲಿಂದ ಬಂತು ಅಂತ ಒಮ್ಮೆ ಒಡೆದು ನೋಡಿ. ಆ ಕಂಪನಿಯ ಕಂಬೈನ್ಡ್ ರೇಶಿಯೋ 100ರ ಮೇಲೇ ಇರುತ್ತದೆ. ಅಂದರೆ ನೂರು ರೂಪಾಯಿ ಪ್ರೀಮಿಯಂಗೆ ಕ್ಲೇಮು, ಕಮಿಷನ್, ಸಂಬಳ ಸೇರಿ ನೂರಕ್ಕಿಂತ ಹೆಚ್ಚು ಹೋಗುತ್ತದೆ. ಲಾಭ ಪೂರ್ತಿ ಹೂಡಿಕೆಯದು. 1919ರಲ್ಲಿ ದೊರಾಬ್ಜಿ ಟಾಟಾ ಕಟ್ಟಿದ ಕಂಪನಿ, 1973ರಲ್ಲಿ ರಾಷ್ಟ್ರೀಕರಣ ಆಯಿತು. ಹಳೆಯ ಬೆಲೆಗೆ ಕೊಂಡ ಶೇರುಗಳು ಅದರ ಹತ್ತಿರ ಇವೆ. ನಮ್ಮ ವಿಮಾ ಲೆಕ್ಕಪತ್ರದ ನಿಯಮದಲ್ಲಿ ಅಂಥ ಶೇರಿನ ಬೆಲೆ ಏರಿದರೆ ಅದು ಲಾಭ ನಷ್ಟದ ಖಾತೆಗೆ ಬರುವುದಿಲ್ಲ, ಮಾರಿದ ವರ್ಷ ಮಾತ್ರ ಬರುತ್ತದೆ. ಯಾವ ವರ್ಷ ಎಷ್ಟು ಮಾರಬೇಕು ಅನ್ನುವುದು ಆಡಳಿತದ ಕೈಯಲ್ಲಿ.

ಹಾಗಾಗಿ ನಾನು ಎರಡು ಸರಾಸರಿ ತೆಗೆಯುತ್ತೇನೆ. ಒಂದು ನೀವು ತೆಗೆದದ್ದೇ. ಇನ್ನೊಂದರಲ್ಲಿ ಹೂಡಿಕೆ ಮಾರಾಟದ ಲಾಭ ತೆಗೆದುಹಾಕಿ, ಬಡ್ಡಿ ಮತ್ತು ಡಿವಿಡೆಂಡ್ ಮಾತ್ರ ಇಟ್ಟು ನೋಡುವುದು. ಎರಡರ ನಡುವೆ ಅಂತರ ದೊಡ್ಡದಿದ್ದರೆ ನೀವು ಕೊಳ್ಳುತ್ತಿರುವುದು ವಿಮಾ ವ್ಯವಹಾರಕ್ಕಿಂತ ಹೆಚ್ಚಾಗಿ ಒಂದು ಹಳೆ ಶೇರು ಪೆಟ್ಟಿಗೆ. ಅದೂ ಒಳ್ಳೆಯ ಖರೀದಿಯೇ ಆಗಬಹುದು, ಆದರೆ ಅದನ್ನು ಲಾಭದ ಪಟ್ಟಿನಲ್ಲಿ ಅಳೆಯಬಾರದು, ಪೆಟ್ಟಿಗೆಯಲ್ಲಿರುವುದರ ಬೆಲೆಯಲ್ಲಿ ಅಳೆಯಬೇಕು.

ಇನ್ನೊಂದು. ಬೋನಸ್ ಶೇರು ಮರೆಯಬೇಡಿ. 2017ರಲ್ಲಿ 800ಕ್ಕೆ ಐಪಿಒ ಬಂತು, 2018ರಲ್ಲಿ ಒಂದಕ್ಕೊಂದು ಬೋನಸ್, ಅಂದರೆ ಪ್ರತಿ ಶೇರಿಗೆ ಇನ್ನೊಂದು ಉಚಿತ ಶೇರು. ಹಳೆಯ ವರ್ಷದ ಪ್ರತಿ ಶೇರಿನ ಗಳಿಕೆಯನ್ನು ವೆಬ್‌ಸೈಟಿನಿಂದ ಹಾಗೇ ಎತ್ತಿದರೆ ಲೆಕ್ಕ ಇಮ್ಮಡಿ ತಪ್ಪುತ್ತದೆ. ನೀವು ಒಟ್ಟು ಲಾಭವನ್ನೇ ಇವತ್ತಿನ ಶೇರಿಗೆ ಹಂಚಿದ್ದೀರಿ, ಅದು ಸರಿ.

ಸೇಡಂ ಮಾಸ್ತರ

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮೆ ಇರಲಿ. ಖಾಸಗಿ ಜೀವ ವಿಮಾ ಕಂಪನಿಗಳಿಗೆ ಈ ಪಾಲು ಬದಲಾವಣೆಯ ತಂಟೆ ಇಲ್ಲವಲ್ಲ, ಅವುಗಳಿಗೆ ಹತ್ತು ವರ್ಷದ ಲೆಕ್ಕ ಹಚ್ಚಬಹುದಾ?

ಬೀದರ್ ಸರ್ವೇಯರ್

ಮಾಸ್ತರರೆ, ಅಲ್ಲಿ ಬೇರೆ ತಂಟೆ. ಹೊಸ ಪಾಲಿಸಿ ಮಾರಿದ ಮೊದಲ ವರ್ಷ ಏಜೆಂಟರ ಕಮಿಷನ್ ಮತ್ತು ಮೀಸಲು ಸೇರಿ ಬಂದ ಪ್ರೀಮಿಯಂಗಿಂತ ಹೆಚ್ಚು ಖರ್ಚು ತೋರಿಸಬೇಕಾಗುತ್ತದೆ, ಲಾಭ ಬರುವುದು ಆಮೇಲೆ. ಹಾಗಾಗಿ ಜೋರಾಗಿ ಬೆಳೆಯುವ ಕಂಪನಿಯ ಲಾಭ ಸಣ್ಣದಾಗಿ ಕಾಣುತ್ತದೆ, ಮಾರಾಟ ನಿಲ್ಲಿಸಿ ಕುಳಿತರೆ ದೊಡ್ಡದಾಗಿ ಕಾಣುತ್ತದೆ. ಹತ್ತು ವರ್ಷ ಬೆಳೆದ ಕಂಪನಿಯ ಸರಾಸರಿ ತೆಗೆದರೆ ಬೆಳೆದದ್ದಕ್ಕೇ ದಂಡ ಹಾಕಿದಂತೆ. ಇಂಡ್ ಎಎಸ್ 117 ಅನ್ನುವ ಹೊಸ ಲೆಕ್ಕ ನಿಯಮ 2024ರ ಆಗಸ್ಟ್‌ನಲ್ಲಿ ಅಧಿಸೂಚನೆ ಆಗಿದೆ, ಅದರಲ್ಲಿ ಲಾಭವನ್ನು ಪಾಲಿಸಿಯ ಅವಧಿ ಉದ್ದಕ್ಕೂ ಹಂಚಿ ತೋರಿಸಬೇಕು. ಅದು ಖಾತೆಗೆ ಇಳಿದಾಗ ಹಳೆ ವರ್ಷಗಳ ಅಂಕಿಗೂ ಹೊಸ ವರ್ಷಗಳ ಅಂಕಿಗೂ ಮತ್ತೆ ತಾಳೆ ಆಗುವುದಿಲ್ಲ.

ಗಂಜ್ ಮುನೀಮ (ಕಲಬುರಗಿ)

ಎಲ್‌ಐಸಿ ಹಾಳಿ ಬ್ಯಾರೆ ಮಾಡಿ ಎಂಬೆಡೆಡ್ ವ್ಯಾಲ್ಯೂ ಅಂಕಣ ಹಾಕೀನಿ ಸರ್. ನ್ಯೂ ಇಂಡಿಯಾದ್ದು ಎರಡನೇ ಸರಾಸರಿ ತೆಗೀಬೇಕಂದ್ರ ಆ ಮಾರಾಟದ ಲಾಭ, ಆ ಪೆಟ್ಟಿಗೆ ಬೆಲೆ ವಾರ್ಷಿಕ ವರದಿಯಾಗ ಎಲ್ಲಿ ಸಿಗ್ತಾವ?

ಬೀದರ್ ಸರ್ವೇಯರ್

ಮಾರಾಟದ ಲಾಭ ಒಂದೇ ಕಡೆ ಇರುವುದಿಲ್ಲ. ಬೆಂಕಿ, ಸಾಗರ, ಇತರೆ ಅಂತ ಮೂರು ರೆವಿನ್ಯೂ ಖಾತೆಗಳಲ್ಲೂ, ಆಮೇಲೆ ಲಾಭ ನಷ್ಟದ ಖಾತೆಯಲ್ಲೂ ಹೂಡಿಕೆ ಮಾರಾಟದ ಲಾಭ ಅಂತ ಸಾಲು ಇದೆ, ನಾಲ್ಕನ್ನೂ ಕೂಡಿಸಿ. ಪೆಟ್ಟಿಗೆಯ ಏರಿದ ಬೆಲೆಗೆ ಬ್ಯಾಲೆನ್ಸ್ ಶೀಟಿನಲ್ಲಿ ಮೀಸಲು ನಿಧಿಯ ಸಾಲಿನ ಕೆಳಗೆ ಫೇರ್ ವ್ಯಾಲ್ಯೂ ಚೇಂಜ್ ಅಕೌಂಟ್ ನೋಡಿ. ಶೇರುದಾರರದ್ದು, ಪಾಲಿಸಿದಾರರದ್ದು ಅಂತ ಎರಡು ಬಿಡಿಸಿ ಕೊಟ್ಟಿರುತ್ತಾರೆ.