ಫೈಲು ನಮ್ಮದು, ಡೈರೆಕ್ಟರಿ ಯಾರದ್ದು?

ಬದಿಯಡ್ಕದ ಹೋಟೆಲಿನಲ್ಲಿ ಸಜ್ಜಿಗೆ-ಅವಲಕ್ಕಿ ಬರುವ ಮೊದಲೇ ಮಾಷ್ಟ್ರು ಕುದಿಯುತ್ತಿದ್ದರು.

“ಲ್ಯಾಬಿನ ಲಿನಕ್ಸ್‌ನಲ್ಲಿ ಪ್ರಶ್ನೆಪತ್ರಿಕೆ ಇಟ್ಟಿದ್ದೆ ಮಾರಾಯ್ರೆ. ಯಾರೂ ತಿದ್ದಬಾರದು ಅಂತ ಅದಕ್ಕೆ 444 ಅನುಮತಿ ಕೊಟ್ಟಿದ್ದೆ. ಒಂಬತ್ತನೇ ಕ್ಲಾಸಿನ ಪೋರನೊಬ್ಬ ಅಳಿಸಿಯೇ ಬಿಟ್ಟಿದ್ದಾನೆ!”

“444 ಅಂದರೆ ಎಲ್ಲರೂ ಓದಬಹುದು,” ಅಂದರು ಭಟ್ರು. “ಓದಿ ಆದ ಮೇಲೆ ಅಳಿಸಿದ್ದಾನೆ. ಶಿಸ್ತಿನ ಹುಡುಗ. ಫೋಲ್ಡರಿಗೆ ಎಷ್ಟು ಕೊಟ್ಟಿದ್ದಿರಿ?”

“777, ಅಂದರೆ ಎಲ್ಲರಿಗೂ ಎಲ್ಲ ಅನುಮತಿ. ಅದು ಕೊಟ್ಟರೆ ಯಾವ ತಕರಾರೂ ಇಲ್ಲ ಅಂತ ಅಳಿಯ ಹೇಳಿದ್ದು.”

ಭಟ್ರು ಹಣೆ ಚಚ್ಚಿಕೊಂಡರು. “ಈಗಿನವರಿಗೆ ಶೀತಕ್ಕೂ 777, ಭೇದಿಗೂ 777! ಯುನಿಕ್ಸ್, ಲಿನಕ್ಸ್‌ನಲ್ಲಿ ಅಳಿಸುವುದೆಂದರೆ ಫೈಲನ್ನು ಮುಟ್ಟುವುದಲ್ಲ, ಡೈರೆಕ್ಟರಿಯ, ಅಂದರೆ ಫೋಲ್ಡರಿನ, ಪಟ್ಟಿಯಿಂದ ಹೆಸರು ಹೊಡೆಯುವುದು. ಡೈರೆಕ್ಟರಿಯಲ್ಲಿ ಬರೆಯಲಿಕ್ಕೆ, ಒಳಗೆ ಹೋಗಲಿಕ್ಕೆ ಅನುಮತಿ ಇದ್ದರೆ ಸಾಕು. ನಿಮ್ಮ 444 ನೋಡಿ ಆರ್‌ಎಂ ಎಂಬ ಅಳಿಸುವ ಆದೇಶ ಮರ್ಯಾದೆಗೆ ಒಮ್ಮೆ ‘ತೆಗೆಯಲಾ?’ ಅಂತ ಕೇಳುತ್ತದೆ. ವೈ ಒತ್ತಿದರೆ ಮುಗಿಯಿತು.”

“ಇದೆಂಥ ನ್ಯಾಯ? ಫೈಲನ್ನು ಒಂದು ಮಾತು ಕೇಳುವುದು ಬೇಡವಾ?” ಶೆಟ್ರು ಅವಲಕ್ಕಿ ಕಲಸುವುದನ್ನು ನಿಲ್ಲಿಸಿದರು. ಅಡಿಕೆ ರೇಟು ಬಿದ್ದ ದಿನವೂ ಅವರು ಹೀಗೆ ಕೈ ನಿಲ್ಲಿಸಿದ್ದು ನಾನು ಕಂಡದ್ದಿಲ್ಲ.

“ಕೇಳುವ ಕ್ರಮ ಇಲ್ಲ. ಒಂದು ಡೈರೆಕ್ಟರಿಯಿಂದ ಇನ್ನೊಂದಕ್ಕೆ ಸಾಗಿಸುವಾಗಲೂ ಇಲ್ಲ. ಆಚೆ ಈಚೆ ಎರಡು ಡೈರೆಕ್ಟರಿಗಳಲ್ಲಿ ಬರೆಯುವ ಅನುಮತಿ ಇದ್ದರೆ ಎಂವಿ ಎಂಬ ಸಾಗಿಸುವ ಆದೇಶ ಹೊಡೆದು ಆಯಿತು. ಫೈಲಿನ ಒಳಗೆ ಒಂದಕ್ಷರ ಬದಲಾಗುವುದಿಲ್ಲ. ಕನ್ನಡದಲ್ಲಿದ್ದದ್ದು ಕನ್ನಡದಲ್ಲೇ ಉಂಟು. 1956ರ ನವೆಂಬರ್ 1ಕ್ಕೆ ದಕ್ಷಿಣ ಕನ್ನಡದಿಂದ ನಾವು ಕಾಸರಗೋಡಿನವರು ಕೇರಳಕ್ಕೆ ಬಂದದ್ದು ಮತ್ತೆ ಹೇಗೆ?”

ಮಾಷ್ಟ್ರು ಪ್ರಶ್ನೆಪತ್ರಿಕೆಯನ್ನೇ ಮರೆತರು. “ಚಂದ್ರಗಿರಿ ಹೊಳೆಯಿಂದ ಬಡಗಲಾಗಿ ಇರುವುದು ಕರ್ನಾಟಕಕ್ಕೆ ಹೋಗಬೇಕು ಅಂತ ಗಡಿ ವಿವಾದದ ಮಹಾಜನ ಆಯೋಗ 1967ರಲ್ಲಿ ಬರೆದು ಕೊಟ್ಟಿತ್ತಲ್ಲ?”

“ಕೊಟ್ಟಿತ್ತು. ಆ ವರದಿಗೂ 444. ಓದಬಹುದು.”

ಸ್ವಲ್ಪ ಹೊತ್ತು ಸಜ್ಜಿಗೆಯ ಕಡೆಗೇ ಎಲ್ಲರ ಗಮನ.

“ಈಗ ನಾನು ಎಂತ ಮಾಡಬೇಕು?” ಮಾಷ್ಟ್ರಿಗೆ ಲ್ಯಾಬು ನೆನಪಾಯಿತು.

“ಪ್ರಶ್ನೆಪತ್ರಿಕೆಗೆ 600 ಕೊಡಿ, ನೀವೊಬ್ಬರೇ ಓದಿ. ಫೋಲ್ಡರು ಎಲ್ಲರಿಗೂ ಬೇಕೇ ಬೇಕೆಂದಾದರೆ 1777 ಕೊಡಿ. ಮುಂದಿನ ಆ 1 ಸ್ಟಿಕ್ಕಿ ಬಿಟ್. ಫೈಲುಗಳ ಪಟ್ಟಿ ತೋರಿಸುವ ಎಲ್‌ಎಸ್‌ನಲ್ಲಿ ಅನುಮತಿಗಳ ಕೊನೆಗೆ ಟಿ ಅಂತ ಕಾಣುತ್ತದೆ. ತಾತ್ಕಾಲಿಕ ಫೈಲುಗಳ ಟಿಎಂಪಿ ಡೈರೆಕ್ಟರಿಗೆ ಇರುವುದೂ ಅದೇ. ಯಾರು ಬೇಕಾದರೂ ತಂದಿಡಲಿ. ತೆಗೆಯುವುದು, ಸಾಗಿಸುವುದು ಫೈಲಿನ ಯಜಮಾನ, ಇಲ್ಲವೇ ಡೈರೆಕ್ಟರಿಯ ಯಜಮಾನ.”

ಶೆಟ್ರು ಕೈ ತೊಳೆದು ಬಂದು ಪುನಃ ಕೂತರು. “ಅಲ್ಲ ಭಟ್ರೆ, 56ರಲ್ಲಿ ನಮಗೆ ಆ ಟಿ ಇದ್ದಿದ್ದರೆ ಸಾಗಿಸಲಿಕ್ಕೆ ಆಗುತ್ತಿತ್ತಾ?”

“ಧಾರಾಳ ಆಗುತ್ತಿತ್ತು. ಎಲ್ಲ ಯಜಮಾನರ ಮೇಲಿನ ಯಜಮಾನ ರೂಟಿಗೆ ಟಿಯೂ ಇಲ್ಲ, ಗಿಟಿಯೂ ಇಲ್ಲ. ರೂಟು ದೆಹಲಿಯಲ್ಲಿತ್ತು.”