ಸಹಾಯ ಬೇಕು: ಹಳೇ ಆ್ಯಪ್‌ಗೆ ಹೊಸ ಜೇಸನ್ ಹಿಡಿಸವಲ್ದು

ನಮಸ್ಕಾರ್ರಿ ಎಲ್ಲರಿಗೂ, ನಾನು ಸಿಂಧನೂರಿನವ, ಭತ್ತದ ದಲಾಲಿ ಅಂಗಡಿಗೊಳಿಗೆ ಒಂದು ಸಣ್ಣ ಆ್ಯಪ್ ಮಾಡೀನಿ. ಮೊದ್ಲು ಎಪಿಐ (ಸರ್ವರ್ ಮತ್ತ ಆ್ಯಪ್ ಡೇಟಾ ಕೊಟ್ಟು ತಗೊಳ್ಳೋ ದಾರಿ) ಕಳಿಸೋ ಜೇಸನ್‌ದಾಗ (ಡೇಟಾ ಬರದು ಕಳಿಸೋ ಒಂದು ಫಾರ್ಮ್ಯಾಟ್) ತೂಕ ಅಂದ್ರ ಬರೇ ಒಂದು ನಂಬರ್, ಕ್ವಿಂಟಲ್ ಲೆಕ್ಕ. ಆಮ್ಯಾಲ ಚೀಲದ ಲೆಕ್ಕಾನೂ ಬೇಕಂದ್ರು ಅಂತ ಅದನ್ನ ಆಬ್ಜೆಕ್ಟ್ ಮಾಡಿ ಒಳಗ ಪ್ರಮಾಣ, ಯೂನಿಟ್ ಎರಡೂ ಇಟ್ಟೆ, ಅಷ್ಟಕ್ಕ ಹಳೇ ಆ್ಯಪ್ ಇದ್ದ ಫೋನೆಲ್ಲಾ ಕ್ರ್ಯಾಶ್ ಆಗ್ಲಿಕತ್ತಾವ. ಹೊಸ ಫೀಲ್ಡ್ ಸೇರಿಸಿ ಹಳೇದು ಹಂಗೇ ಬಿಡಬೇಕಿತ್ತು, ಟೈಪ್ ಬದಲಿಸಿದ್ದೇ ನನ್ನ ತಪ್ಪು. ಅಪ್ಡೇಟ್ ಮಾಡ್ರಿ ಅಂದ್ರ ಸುಗ್ಗಿ ಮುಗೀಲಿ ಅಂತಾರ!

ಈಗ ಯುಆರ್‌ಎಲ್‌ದಾಗ ವಿ1, ವಿ2 ಅಂತ ಬ್ಯಾರೆ ಮಾಡ್ಲೋ, ಆಕ್ಸೆಪ್ಟ್ ಹೆಡರ್‌ದಾಗ (ರಿಕ್ವೆಸ್ಟ್ ಜೋಡಿ ಆ್ಯಪ್ ತನಗ ಎಂಥಾ ಉತ್ತರ ಬೇಕಂತ ಹೇಳೋ ಸಾಲು) ವರ್ಷನ್ ತಗೊಳ್ಲೋ? ಡೇಟಾಬೇಸ್ ಒಂದೇ ಇಟ್ಟು ವರ್ಷನ್‌ಗೊಂದು ಸೀರಿಯಲೈಜರ್ (ಡೇಟಾನ ಜೇಸನ್ ಮಾಡೋ, ಜೇಸನ್‌ನಿಂದ ಡೇಟಾ ತಗೊಳ್ಳೋ ಕೋಡ್) ಬರೀಬೇಕಂತ ಮಾಡೀನಿ, ಆದ್ರ ಹಳೇ ಆ್ಯಪ್‌ನಿಂದ ಬರೋ ಎಂಟ್ರಿಗೆ ಯೂನಿಟ್ಟೇ ಇರಂಗಿಲ್ಲ, ಕ್ವಿಂಟಲ್ ಅಂತ ಹಿಡೀಬೋದಾ? ಜ್ಯಾಂಗೋ ರೆಸ್ಟ್ ಫ್ರೇಮ್‌ವರ್ಕ್‌ದಾಗ (ಪೈಥಾನ್‌ದಾಗ ಎಪಿಐ ಮಾಡೋ ಟೂಲ್) ಮಾಡಿದವ್ರು ಇದ್ರ ಹೇಳ್ರಪ್ಪ.