ಬೆಂಚ್ ಗಟ್ಟಿ ಇದ್ಯಾ, ಇಲ್ಲ ನಮ್ ಆಸೆ ಮಾತ್ರ ಗಟ್ಟಿನಾ? ಬಿಎಫ್‌ಸಿ ಮುಂದಿನ ಸೀಸನ್ ಬಗ್ಗೆ

ನೀಲಿಅಂಗಿ (ಮೇ 2025)

ನಮ್ ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಮೋಹನ್ ಬಗಾನ್ ಹತ್ರ ಸೋತ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್ ಮುಗ್ದು ತಿಂಗಳ ಮೇಲಾಯ್ತು, ಊರೆಲ್ಲ ಆರ್‌ಸಿಬಿ ಗುಂಗಲ್ಲಿದೆ, ಆಫೀಸಲ್ಲಿ ಫುಟ್‌ಬಾಲ್ ಅಂದ್ರೆ ಯಾರೂ ತಲೆ ಎತ್ತಿ ನೋಡಲ್ಲ, ಹಾಗಾಗಿ ಇಲ್ಲೇ ಬಂದು ಕೊರೀತಾ ಇದೀನಿ, ಸಹಿಸ್ಕೊಳ್ಳಿ.

ನಂಗೆ ಕೋಲ್ಕತಾದ ಸಾಲ್ಟ್ ಲೇಕ್ ಸ್ಟೇಡಿಯಂನ ಆ 96ನೇ ನಿಮಿಷ ಇನ್ನೂ ತಲೆಯಿಂದ ಇಳಿದಿಲ್ಲ. ಅವರ ಮ್ಯಾಕ್ಲಾರೆನ್ ಗೋಲ್ ಹೊಡೆದಿದ್ದಕ್ಕಿಂತ ಹೆಚ್ಚಾಗಿ ಅಷ್ಟೊತ್ತಿಗೆ ನಮ್ಮವರ ಕಾಲು ಹೇಗಿತ್ತು ಅನ್ನೋದು. 49ನೇ ನಿಮಿಷದಲ್ಲಿ ನಮ್ ರಯಾನ್ ವಿಲಿಯಮ್ಸ್ ಕ್ರಾಸ್ ಹಾಕಿ ಅವರ ಆಲ್ಬರ್ಟೋ ತನ್ನ ಗೋಲಿಗೇ ಒದ್ದಾಗ ಕಪ್ ಬಂತು ಅಂತ್ಲೇ ಅಂದ್ಕೊಂಡಿದ್ದೆ, 72ಕ್ಕೆ ಕಮಿಂಗ್ಸ್ ಪೆನಾಲ್ಟಿ, ಆಮೇಲೆ ಎಕ್ಸ್‌ಟ್ರಾ ಟೈಮು, ಮುಗೀತು ಕಥೆ. ಮೋಹನ್ ಬಗಾನ್ ಕಡೆ ನೋಡಿ, ಹಿಂದಿನ ಸೀಸನ್‌ನಲ್ಲಿ ಲೀಗಿಗೇ ಬೆಸ್ಟ್ ಪ್ಲೇಯರ್ ಅಂತ ಗೋಲ್ಡನ್ ಬಾಲ್ ತಗೊಂಡ ಪೆಟ್ರಾಟೋಸ್ ಈ ಸಲ ಎಷ್ಟೋ ಮ್ಯಾಚಲ್ಲಿ ಬೆಂಚ್ ಮೇಲೆ ಕೂತಿದ್ದ. ಡೆಪ್ತ್ (ಬೆಂಚಿನ ಬಲ) ಅಂದ್ರೆ ಅದು ಕಣ್ರೀ.

ಈಗ ವಿಷ್ಯಕ್ಕೆ ಬರ್ತೀನಿ. ನಮ್ ವಾಟ್ಸಾಪ್ ಗ್ರೂಪಲ್ಲಿ ಎಲ್ರೂ ಒಂದೇ ರಾಗ, ಇನ್ನಿಬ್ರನ್ನ ಸೈನ್ ಮಾಡಿದ್ರೆ ಮುಂದಿನ ಸಲ ಕಪ್ ನಮ್ದೇ ಅಂತ. ಖುಷಿ ಪಡೋಕೆ ಕಾರಣ ಇಲ್ಲ ಅಂತ ನಾನು ಹೇಳ್ತಿಲ್ಲ. 2023-24ರಲ್ಲಿ 12 ಟೀಮಲ್ಲಿ ಹತ್ತನೇ ಸ್ಥಾನ, ಅಲ್ಲಿಂದ ಒಂದೇ ವರ್ಷಕ್ಕೆ ಮೂರನೇ ಸ್ಥಾನ ಪ್ಲಸ್ ಫೈನಲ್, ಪ್ಲೇಆಫಲ್ಲಿ ಮುಂಬೈಗೆ ಕಂಠೀರವದಲ್ಲಿ 5-0, ಇದನ್ನೆಲ್ಲ ಕೋಚ್ ಝರಗೋಝಾ ಬಂದ್ಮೇಲೇ ನೋಡಿದ್ದು ನಾವು. ಆದ್ರೆ ಜನವರಿ ಯಾರಿಗೂ ನೆನಪಿಲ್ವಾ? ಮನೇಲಿ ಮೊಹಮ್ಮಡನ್ ಮುಂದೆ 0-1, ಒಡಿಶಾ ಮುಂದೆ 2-3, ಆಮೇಲೆ ಕೋಲ್ಕತಾದಲ್ಲಿ ಮೋಹನ್ ಬಗಾನ್ ಹತ್ರ ಮತ್ತೆ ಸೋಲು. ಸೆಪ್ಟೆಂಬರಲ್ಲಿ ಇದೇ ಮೋಹನ್ ಬಗಾನ್‌ಗೆ 3-0 ಹೊಡೆದಿದ್ವಿ, ಅದೇ ಟೀಮು, ನಾಲ್ಕು ತಿಂಗಳಿಗೆ ಹೀಗಾಯ್ತು.

ನನ್ ಲೆಕ್ಕ ಏನಂದ್ರೆ ನಮ್ಮ ಆರು ಜನ ವಿದೇಶಿಯರು, ಎಡ್ಗರ್, ಪೆರೇರಾ ಡಿಯಾಜ್, ನೊಗೇರಾ, ಕಾಪೋ, ಯೊವಾನೊವಿಚ್, ವಿಲಿಯಮ್ಸ್, ಆರಕ್ಕೆ ಆರೂ 30 ದಾಟಿದವರು. ಡಿಫೆಂಡರ್ ಭೇಕೆಗೆ 34. ಗುರುಪ್ರೀತ್‌ಗೆ 33, ಕೀಪರ್‌ಗೆ ಅದೇನು ವಯಸ್ಸಲ್ಲ ಬಿಡಿ. ಇವರೆಲ್ಲರ ಮೇಲೆ ಆಗಸ್ಟ್‌ಗೆ 41 ತುಂಬೋ ನಮ್ ಛೆಟ್ರಿ, ಈ ಸೀಸನ್ 14 ಗೋಲ್ ಹೊಡೆದು ಭಾರತೀಯರಲ್ಲೇ ಟಾಪ್. ನಂಗೆ ಆ ಮನುಷ್ಯ ಅಂದ್ರೆ ಪ್ರಾಣ, ಆದ್ರೂ ಒಂದು ಟೀಮಿನ ಆಶಾವಾದ ಎಲ್ಲ 40 ವರ್ಷದವರ ಮಂಡಿ ಮೇಲೆ ನಿಂತಿದೆ ಅಂದ್ರೆ ಅದು ಡೆಪ್ತ್ ಅಲ್ಲ, ದೇವರ ದಯೆ.

ಸುರೇಶ್ ವಾಂಗ್ಜಾಮ್‌ಗೆ ಒಂದು ತಿಂಗಳು ಕಾಲು ಉಳುಕಿದ್ರೆ ಮಿಡ್‌ಫೀಲ್ಡಲ್ಲಿ ಯಾರು ಓಡ್ತಾರೆ? ಡಿಫೆನ್ಸಲ್ಲಿ ಭೇಕೆ, ಸನಾ ಇಬ್ರಲ್ಲಿ ಒಬ್ರು ಇಲ್ಲ ಅಂದ್ರೆ? ನಿಮಗೇನನ್ಸುತ್ತೆ ಹೇಳಿ, ಸುಮ್ನೆ "ಕಮಾನ್ ಬಿಎಫ್‌ಸಿ" ಅನ್ಬೇಡಿ, ಅದು ನಾನೂ ಅಂತೀನಿ.

---

ಆಸ್ಟಿನ್‌ಟೌನ್ ಹುಡ್ಗ

ಕಮಾನ್ ಬಿಎಫ್‌ಸಿ 😄

ಗುರೂ ನೀನು ಯಾವಾಗ್ಲೂ ಹಿಂಗೇನೇ, 5-0 ಗೆದ್ದ ರಾತ್ರಿನೂ ಮೆಟ್ರೋದಲ್ಲಿ ಯಾರ್ದೋ ಹ್ಯಾಮ್‌ಸ್ಟ್ರಿಂಗ್ ಬಗ್ಗೆ ಕೊರೀತಿದ್ದೆ ಅನ್ಸುತ್ತೆ.

ಗೋವಾ ಜೊತೆಗಿನ ಸೆಮಿಫೈನಲ್ ಸೆಕೆಂಡ್ ಲೆಗ್ ಮರ್ತ್‌ಬಿಟ್ಯಾ? ಫಟೋರ್ಡಾದಲ್ಲಿ 88ನೇ ನಿಮಿಷದಲ್ಲಿ ಅವರ ಸಾದಿಕು ಹೊಡೆದು ಒಟ್ಟು ಸ್ಕೋರು 2-2 ಆಯ್ತಲ್ಲ, ನಾನು ಟಿವಿ ಆಫ್ ಮಾಡೋಕೆ ರಿಮೋಟ್ ಹುಡುಕ್ತಿದ್ದೆ, ಅಷ್ಟರಲ್ಲಿ ಬಲಗಡೆಯಿಂದ ನಮ್‌ಗ್ಯಾಲ್ ಭುಟಿಯಾ ಕ್ರಾಸು, ಬಾಸ್ ಛೆಟ್ರಿ ಹೆಡರ್ರು, ಮುಗೀತು. ಆ ಕ್ರಾಸ್ ಹಾಕಿದವನು ಯಾರು? ಸೀಸನ್ ಶುರುವಲ್ಲಿ ನೀನು ನಾನು ಬರೆಯೋ ಹನ್ನೊಂದರಲ್ಲಿ ಅವನ ಹೆಸ್ರೇ ಇರ್ತಿರ್ಲಿಲ್ಲ. ಡೆಪ್ತ್ ಅಂದ್ರೆ ಪೆಟ್ರಾಟೋಸ್ ಥರ ಕೋಟಿ ಕೋಟಿ ಕೊಟ್ಟು ಬೆಂಚಲ್ಲಿ ಕೂರ್ಸೋದು ಒಂದೇ ಅಲ್ಲ ಮಗಾ, ಕೂತವನು ಎದ್ದ ತಕ್ಷಣ ಕೆಲ್ಸ ಮಾಡ್ಬೇಕು ಅಷ್ಟೇ.

ಆಮೇಲೆ ವಿನೀತ್. ಮೊದಲ್ನೇ ಮ್ಯಾಚಲ್ಲೇ ಈಸ್ಟ್ ಬೆಂಗಾಲ್ ಮೇಲೆ ಗೆಲುವಿನ ಗೋಲು, 19 ವರ್ಷಕ್ಕೆ. ಅಕಾಡೆಮಿಯಿಂದ ಬಂದ ಹುಡುಗ. ರೋಶನ್ 21-22ರಲ್ಲಿ, ಶಿವಶಕ್ತಿ 22-23ರಲ್ಲಿ, ಎರಡು ವರ್ಷ ಸಾಲಾಗಿ ಲೀಗಿನ ಎಮರ್ಜಿಂಗ್ ಪ್ಲೇಯರ್ ನಮ್ ಹುಡುಗ್ರೇ ಆಗಿದ್ರು. ಬೇರೆ ಯಾವ ಕ್ಲಬ್ಬಲ್ಲಿ ಹಿಂಗಿದೆ ಹೇಳು ನೋಡೋಣ.

---

ಆಫ್‌ಸೈಡ್ ಅಕ್ಕ

ಹುಡ್ಗ ಹೇಳಿದ್ದು ಅರ್ಧ ನಿಜ. ಎಮರ್ಜಿಂಗ್ ಪ್ಲೇಯರ್ ಆದ ಶಿವಶಕ್ತಿ ಆಮೇಲೆ ಏನಾದ ಅನ್ನೋದನ್ನ ಮಾತ್ರ ಜಾಣತನದಿಂದ ಬಿಟ್ಬಿಟ್ರು. 2022ರ ಡ್ಯುರಾಂಡ್ ಕಪ್ ಫೈನಲ್‌ನಲ್ಲಿ ಮುಂಬೈ ಮೇಲೆ ಮೊದಲ ಗೋಲು ಹೊಡೆದವನು ಅವನು, ಆ ಸೀಸನ್ ಐಎಸ್‌ಎಲ್‌ನಲ್ಲೂ 6 ಗೋಲು. ಈಗ ಮುಂದಿನ ಸಾಲಲ್ಲಿ ಎಡ್ಗರ್, ಡಿಯಾಜ್, ವಿಲಿಯಮ್ಸ್, ಛೆಟ್ರಿ ಇದ್ದಾಗ ಅವನಿಗೆ ಎಷ್ಟು ನಿಮಿಷ ಸಿಗುತ್ತೆ?

ನೀಲಿಅಂಗಿ ಅವರೇ, ನೀವು ತಲೆ ಎಣಿಸ್ತಾ ಇದೀರಿ, ಸಮಸ್ಯೆ ಅಲ್ಲಿಲ್ಲ. ಆರು ವಿದೇಶಿಯರನ್ನ ಇಟ್ಕೋಬಹುದು, ಮೈದಾನದಲ್ಲಿ ಒಟ್ಟಿಗೆ ನಾಲ್ಕೇ ಜನ. ನಮ್ಮವರಲ್ಲಿ ಐದು ಜನ ಮಿಡ್‌ಫೀಲ್ಡು ಇಲ್ಲಾ ಮುಂದೆ, ಒಬ್ಬ ಯೊವಾನೊವಿಚ್ ಮಾತ್ರ ಹಿಂದೆ. ಅವನನ್ನ ಆಡಿಸಿದ್ರೆ ಮುಂದಿನವನೊಬ್ಬ ಹೊರಗೆ ಕೂರ್ಬೇಕು, ಆಡಿಸ್ದೇ ಇದ್ರೆ ಭೇಕೆ-ಸನಾ ಮೇಲೇ ಪೂರ್ತಿ ಭಾರ. ಹಂಗಾಗಿ ಕಾಗದದ ಮೇಲೆ ಮೂರು ಸೆಂಟರ್ ಬ್ಯಾಕ್ ಇದ್ರೂ ನಿಜವಾಗಿ ಎರಡೂವರೆ. ಜನವರಿಯಲ್ಲಿ ಒಡಿಶಾ ಮೂರು ಹಾಕಿದ್ದು ಅದೃಷ್ಟ ಅಲ್ಲ.

ಇನ್ನೊಂದು. ಕಂಠೀರವದಲ್ಲಿ ಬೆಂಚ್ ಹತ್ರದ ಸ್ಟ್ಯಾಂಡಲ್ಲಿ ಕೂತು ಒಂದ್ಸಲ ಬಾಲ್ ಬಿಟ್ಟು ಬರೀ ಸಬ್‌ಗಳನ್ನ ನೋಡಿ. 55ನೇ ನಿಮಿಷಕ್ಕೆ ಬಿಬ್ ಹಾಕ್ಕೊಂಡು ಟ್ರ್ಯಾಕ್ ಪಕ್ಕ ಓಡೋಕೆ ಶುರು ಮಾಡ್ತಾರೆ, ಸ್ಟ್ರೆಚ್ ಮಾಡ್ತಾ ಎರಡು ನಿಮಿಷಕ್ಕೊಂದ್ಸಲ ಕೋಚ್ ಕಡೆ ಕಣ್ಣು, 70 ಆಯ್ತು, 78 ಆಯ್ತು, ಕರೆಯಲ್ಲ, ಆಮೇಲೆ 86ಕ್ಕೆ ಒಬ್ಬನ್ನ ಕರೀತಾರೆ, ಅವನು ಬಿಬ್ ಕಳಚೋವಾಗ ಶಿನ್ ಪ್ಯಾಡ್ ಜಾರಿ ಬಿದ್ದು ಇನ್ನೊಂದು ನಿಮಿಷ ಹೋಗುತ್ತೆ. ಆ ನಾಲ್ಕು ನಿಮಿಷದಲ್ಲಿ ಆ ಹುಡುಗ ಏನು ತೋರಿಸ್ಬೇಕು ನೀವೇ ಹೇಳಿ. ಐದು ಸಬ್ ಮಾಡೋಕೆ ರೂಲ್ ಇದೆ, 3-0 ಮುಂದಿದ್ದಾಗ್ಲೂ ಆ ಹುಡುಗ್ರಿಗೆ ಅರ್ಧ ಗಂಟೆ ಕೊಡ್ದೇ ಇದ್ರೆ ಜನವರಿಯಲ್ಲಿ ದಿಢೀರ್ ಅಂತ ಅವ್ರು ರೆಡಿ ಇರ್ತಾರಾ?

ಕೋಚ್ ಬೈಯ್ಯೋಕೆ ಹೇಳ್ತಿಲ್ಲ, ಆ ಮನುಷ್ಯ ಬಂದ್ಮೇಲೇ ಟೀಮು ಓಡೋದು ಕಲ್ತಿದ್ದು. ಆದ್ರೆ ಇದು ನಿಜ.

---

ಕುಂದಾನಗರಿ ಕಿಕ್

ನೋಡ್ರಿ ಅಕ್ಕಾರ ಹೇಳಿದ್ದು ನೂರಕ್ಕ ನೂರು ಖರೆ ಐತಿ. ನಾವು ಬೆಳಗಾವಿಯಿಂದ ರಾಣಿ ಚೆನ್ನಮ್ಮ ಹಿಡಕೊಂಡು ರಾತ್ರಿಯೆಲ್ಲಾ ಕುಂತು ಬೆಂಗಳೂರಿಗೆ ಬಂದು ಮ್ಯಾಚ್ ನೋಡಾವ್ರು, ಬಂದಾಗೆಲ್ಲಾ ಅದ ಹನ್ನೊಂದು ಮಂದಿ, ಅದ ಮುಖ.

ನಂದೊಂದು ಬ್ಯಾರೆ ತಕರಾರು ಐತ್ರಿ. ಡೆಪ್ತ್ ಡೆಪ್ತ್ ಅಂತೀರಲ್ಲಾ, ನಮ್ಮ ರಾಜ್ಯದ ಹುಡುಗ್ರು ಎಲ್ಲದಾರ್ರಿ ಆ ಲಿಸ್ಟಿನ್ಯಾಗ? 2023ರ ಮಾರ್ಚ್‌ದಾಗ ರಿಯಾದ್‌ನ್ಯಾಗ ಕರ್ನಾಟಕ ಮೇಘಾಲಯನ್ನ 3-2ರಿಂದ ಹೊಡದು ಸಂತೋಷ್ ಟ್ರೋಫಿ ತಂತು. 54 ವರ್ಷ ಆದ ಮ್ಯಾಲ! ಹಿಂದ ಗೆದ್ದಾಗ ನಮ್ಮ ರಾಜ್ಯಕ್ಕ ಇನ್ನೂ ಮೈಸೂರು ಅಂತ ಹೆಸರಿತ್ತು. ಆ ಟೀಮಿನ್ಯಾಗಿಂದ ಎಷ್ಟು ಮಂದಿಗೆ ಒಂದು ಟ್ರಯಲ್ ಕೊಟ್ರು, ಎಷ್ಟು ಮಂದಿ ಪ್ರೀ-ಸೀಸನ್ ಕ್ಯಾಂಪಿಗೆ ಕರದ್ರು? ನಮ್ಮ ಕಡೆ ಮಳಿಗಾಲದಾಗ ಮೊಣಕಾಲಮಟ ರಾಡಿಯೊಳಗ ಆಡ್ತಾವ್ರಿ ಹುಡುಗ್ರು, ಸ್ಕೌಟ್ ಅಂಬೋ ಪ್ರಾಣಿ ಈ ಕಡೆ ಬಂದದ್ದು ನಾ ಅಂತೂ ಕಂಡಿಲ್ಲ.

ಹಂಗಂತ ಮಣಿಪುರದ ಹುಡುಗ್ರ ಮ್ಯಾಲ ಸಿಟ್ಟಿಲ್ರಿ ಮತ್ತ, ಸುರೇಶ ಅಂದ್ರ ನಮ್ಮ ಮನಿ ಮಗನಿದ್ದಂಗ. ಮಿಜೋರಾಮಿನ ಫನಾಯಿ ಓಡೂದು ನೋಡಿದ್ರ ನಮಗ ಇಲ್ಲಿ ಕುಂತಲ್ಲೇ ಉಸುರು ಹತ್ತತೈತಿ.

---

ಆಸ್ಟಿನ್‌ಟೌನ್ ಹುಡ್ಗ

ಕಿಕ್ ಅಣ್ಣ, ಸಂತೋಷ್ ಟ್ರೋಫಿಗೂ ಐಎಸ್‌ಎಲ್‌ಗೂ ಸ್ಪೀಡಲ್ಲಿ ತುಂಬಾ ವ್ಯತ್ಯಾಸ ಇದೆ ಅಣ್ಣ. ಆದ್ರೂ ಟ್ರಯಲ್ ಕೊಡೋಕೆ ಏನ್ ಕಷ್ಟ ಅನ್ನೋ ಮಾತಿಗೆ ನಂದೂ ಒಪ್ಪಿಗೆ. ನಮ್ಮ ಆಸ್ಟಿನ್ ಟೌನ್, ಗೌತಮಪುರ ಕಡೆ ಇವತ್ತಿಗೂ ಸಂಜೆ ಗ್ರೌಂಡಲ್ಲಿ ಜಾಗ ಸಿಗಲ್ಲ.

---

ದೋಹಾ ಕನ್ನಡಿಗ

ತಡವಾಗಿ ಬಂದೆ, ಇಲ್ಲಿ ಶಿಫ್ಟ್ ಮುಗಿಯೋದೇ ರಾತ್ರಿ.

ಡೆಪ್ತ್ ಅಂದ್ರೆ ಏನು ಅಂತ ತಿಳ್ಕೋಬೇಕು ಅಂದ್ರೆ 2016ರಲ್ಲಿ ನಾವು ಆಡಿದ ಎಎಫ್‌ಸಿ ಕಪ್ (ಏಷ್ಯಾದ ಕ್ಲಬ್‌ಗಳ ಕಪ್) ಫೈನಲ್ ನೆನೆಸ್ಕೊಳಿ. ಇದೇ ದೋಹಾದಲ್ಲಿ ಆಗಿದ್ದು, ನಾನು ಸ್ಟ್ಯಾಂಡಲ್ಲಿದ್ದೆ, ಇರಾಕಿನ ಏರ್‌ಫೋರ್ಸ್ ಕ್ಲಬ್ ಎದುರು. ಭಾರತದ ಕ್ಲಬ್ಬೊಂದು ಆ ಕಪ್ಪಿನ ಫೈನಲ್‌ಗೆ ಬಂದಿದ್ದು ಅದೇ ಮೊದಲು. ಮೊದಲ ಕೀಪರ್ ಅಮರಿಂದರ್ ಸಸ್ಪೆಂಡ್ ಆಗಿದ್ದ, ಗೋಲಲ್ಲಿ ರಾಲ್ಟೆ ನಿಂತ. ನಮ್ಮ ಸಾಲಲ್ಲಿದ್ದ ಒಬ್ಬ ಮಲಯಾಳಿ ಚೇಟ ಇವತ್ತು ನಾಲ್ಕು ಗ್ಯಾರಂಟಿ ಅಂದ. ಆಗಿದ್ದು ಒಂದೇ, ಹಮ್ಮಾದಿ ಅಹ್ಮದ್ 70ನೇ ನಿಮಿಷದಲ್ಲಿ ಹೊಡೆದಿದ್ದು. ಸೋತ್ವಿ ನಿಜ, ಆದ್ರೆ ಎರಡನೇ ಕೀಪರ್‌ನಿಂದ ಸೋಲಲಿಲ್ಲ.

ಆವಾಗ ದುಡ್ಡಿರ್ಲಿಲ್ಲ, ದೊಡ್ಡ ಹೆಸರಿರ್ಲಿಲ್ಲ, ಕ್ಲಬ್‌ಗೆ ಮೂರು ವರ್ಷ ವಯಸ್ಸು. ಇವತ್ತಿನ ಬೆಂಚ್ ಅವತ್ತಿನದಕ್ಕಿಂತ ಎಷ್ಟೋ ಮೇಲು. ನೀಲಿಅಂಗಿ ಅವರೇ, ನಿಮ್ಮ ಭಯ ಸ್ವಲ್ಪ ಜಾಸ್ತಿ ಆಯ್ತು ಅಂತ ನಂಗನ್ಸುತ್ತೆ. ವಯಸ್ಸಿನ ವಿಷ್ಯ ಮಾತ್ರ ಸರಿ, ಆರು ಜನ ಮೂವತ್ತು ದಾಟಿದವರು ಅಂದ್ರೆ ಎಲ್ರೂ ಒಂದೇ ಸಲ ಸುಸ್ತಾಗ್ತಾರೆ. ಇಬ್ಬರನ್ನಾದ್ರೂ ಬದಲಾಯಿಸಿ 25-26 ವರ್ಷದ ಹುಡುಗ್ರನ್ನ ತರ್ಲಿ.

---

ನೀಲಿಅಂಗಿ

ಎಲ್ರಿಗೂ ಥ್ಯಾಂಕ್ಸ್, ಇಷ್ಟು ಜನ ಬರ್ತೀರ ಅಂದ್ಕೊಂಡಿರ್ಲಿಲ್ಲ.

ಅಕ್ಕ ಹೇಳಿದ ನಾಲ್ಕರ ರೂಲ್ ಲೆಕ್ಕ ಸಕ್ಕತ್ತಾಗಿದೆ. ಅದಕ್ಕೇ ನಂಗೆ ಹೊಸ ವಿದೇಶಿ ಸ್ಟ್ರೈಕರ್ ಸುದ್ದಿ ಬಂದ್ರೆ ಖುಷಿನೇ ಆಗಲ್ಲ, ಒಬ್ಬ ಒಳ್ಳೆ ಭಾರತೀಯ ಸೆಂಟರ್ ಬ್ಯಾಕ್ ಬಂದ ಅಂದ್ರೆ ಪಟಾಕಿ ಹೊಡೀತೀನಿ. ಆದ್ರೆ ಅಂಥವ್ರು ಈ ಲೀಗಲ್ಲಿ ಬೆರಳೆಣಿಕೆ, ಇರೋರನ್ನ ಕೋಲ್ಕತಾ, ಗೋವಾದವ್ರು ಬಿಟ್ಕೊಡಲ್ಲ, ಬಿಟ್ರೂ ಕೇಳೋ ರೇಟು ಕಣ್ಣೀರು ಬರ್ಸುತ್ತೆ. ಹಂಗಾಗಿ ಅಕಾಡೆಮಿಯಿಂದ್ಲೇ ಒಬ್ಬನ್ನ ಎಳೀಬೇಕು, 2022ರಲ್ಲಿ ಡೆವಲಪ್‌ಮೆಂಟ್ ಲೀಗ್ ಮೊದಲ ಸಲ ನಡೆದಾಗ ಗೆದ್ದಿದ್ದು ನಮ್ಮ ಹುಡುಗ್ರೇ ತಾನೆ, ಅಲ್ಲಿಂದ ಮೇಲೆ ಬಂದು ನೆಲೆ ನಿಂತವರು ಎಷ್ಟು ಜನ?

ಹುಡ್ಗ, ಡೆಪ್ತ್ ಇದೆ ಡೆಪ್ತ್ ಇದೆ ಅಂತೀಯಲ್ಲ, ಫೈನಲ್ ಆದ ಎರಡು ವಾರಕ್ಕೆ ಭುವನೇಶ್ವರದಲ್ಲಿ ಸೂಪರ್ ಕಪ್‌ನ ಮೊದಲ ಮ್ಯಾಚಲ್ಲೇ ಆಗ ಎರಡನೇ ದರ್ಜೆಯ ಐ-ಲೀಗ್ ಆಡ್ತಿದ್ದ ಇಂಟರ್ ಕಾಶಿ ಹತ್ರ ಪೆನಾಲ್ಟಿಯಲ್ಲಿ ಸೋತು ಬಂದ್ವಿ. ಅದಕ್ಕೇನಂತೀಯ?

---

ಆಸ್ಟಿನ್‌ಟೌನ್ ಹುಡ್ಗ

ಅದು ಹ್ಯಾಂಗೋವರ್ ಮಗಾ, ಲೆಕ್ಕಕ್ಕಿಲ್ಲ. ಫೈನಲ್ ಸೋತು ಬಂದ ಟೀಮಿಗೆ ಯಾರಿಗಿತ್ತು ಮನಸ್ಸು.

---

ಆಫ್‌ಸೈಡ್ ಅಕ್ಕ

ಮನಸ್ಸಿಲ್ಲದ ಹನ್ನೊಂದು ಜನರ ಬದಲು ಮನಸ್ಸಿರೋ ಹುಡುಗ್ರನ್ನ ಆಡಿಸ್ಬೇಕಿತ್ತು, ನಾನು ಮೇಲೆ ಹೇಳಿದ್ದೂ ಅದೇ.

ಅದ್ಸರಿ, ಒಂದು ದೊಡ್ಡ ವಿಷ್ಯ ಯಾರೂ ಎತ್ಲಿಲ್ಲ. ಭಾರತದ ಫುಟ್‌ಬಾಲ್ ಫೆಡರೇಶನ್‌ಗೂ ಲೀಗ್ ನಡೆಸೋ ಕಂಪನಿಗೂ 2010ರಲ್ಲಿ ಆಗಿದ್ದ 15 ವರ್ಷದ ಒಪ್ಪಂದ 2025ರ ಡಿಸೆಂಬರ್‌ಗೆ ಮುಗಿಯುತ್ತೆ. ಅಂದ್ರೆ ಸರಿಯಾಗಿ ಸೀಸನ್ ಮಧ್ಯದಲ್ಲಿ. ಫೆಡರೇಶನ್ ಸಂವಿಧಾನದ ಕೇಸು ಬೇರೆ ಸುಪ್ರೀಂ ಕೋರ್ಟಲ್ಲಿದೆ. ಹೊಸ ಒಪ್ಪಂದ ಆಗೋವರೆಗೆ ಯಾವ ಕ್ಲಬ್ ತಾನೇ ಧೈರ್ಯವಾಗಿ ಎರಡು ಮೂರು ವರ್ಷದ ಕಾಂಟ್ರಾಕ್ಟ್ ಬರೆಯುತ್ತೆ? 25-26ರ ಹುಡುಗ್ರನ್ನ ತರ್ಲಿ ಅಂತ ದೋಹಾದವರು ಹೇಳಿದ್ರು, ಆ ವಯಸ್ಸಿನವ್ರು ಕೇಳೋ ಮೊದಲ ಪ್ರಶ್ನೆನೇ ಎಷ್ಟು ವರ್ಷಕ್ಕೆ ಅಂತ. ಒಂದು ವರ್ಷದ ಕಾಂಟ್ರಾಕ್ಟ್‌ಗೆ ಒಪ್ಪಿ ಬರೋರು ಯಾರಂದ್ರೆ ಮತ್ತೆ ಅದೇ ಮೂವತ್ತು ದಾಟಿದವರು.

---

ಕುಂದಾನಗರಿ ಕಿಕ್

ಅಯ್ಯ ಅಕ್ಕಾರ, ನಾವು ಬೆಂಚಿನ ಬಗ್ಗೆ ಜಗಳಾಡಾಕತ್ತೇವಿ, ನೀವು ಲೀಗ ಇರತೈತೋ ಇಲ್ಲೋ ಅಂದ್ರ ಹೆಂಗ್ರಿ.

---

ನೀಲಿಅಂಗಿ

ಅಕ್ಕ, ಅದಕ್ಕೆ ಬೇರೆ ಥ್ರೆಡ್ ಮಾಡಿ, ಇಲ್ಲೇ ಶುರು ಮಾಡಿದ್ರೆ ನಂಗೆ ಇವತ್ತು ನಿದ್ದೆ ಬರಲ್ಲ. ಸದ್ಯಕ್ಕೆ ನನ್ನ ಬೇಡಿಕೆ ಇಷ್ಟೇ, ಒಬ್ಬ ಭಾರತೀಯ ಸೆಂಟರ್ ಬ್ಯಾಕ್, ಸುರೇಶ್ ಜೊತೆ ಓಡೋಕೆ ಫನಾಯಿಗೆ ಸೀಸನ್ ಮೊದಲಿಂದ ಜಾಗ, ಡ್ಯುರಾಂಡ್‌ಗೆ ಹೋದ್ರೆ ಶಿವಶಕ್ತಿಗೆ ಪ್ರತಿ ಮ್ಯಾಚ್ ಪೂರ್ತಿ 90 ನಿಮಿಷ. ಛೆಟ್ರಿನ 60ನೇ ನಿಮಿಷಕ್ಕೆ ಮೈದಾನಕ್ಕೆ ಇಳಿಸ್ಲಿ, ಆ ಹೊತ್ತಿಗೆ ಎದುರು ಟೀಮಿನ ಡಿಫೆಂಡರ್‌ಗಳಿಗೆ ಸುಸ್ತಾಗಿರುತ್ತೆ.

---

ಆಸ್ಟಿನ್‌ಟೌನ್ ಹುಡ್ಗ

ಛೆಟ್ರಿನ ಬೆಂಚಲ್ಲಿ ಕೂರ್ಸು ಅಂತ ನಮ್ ಫ್ಯಾನ್‌ಗಳ ವೆಸ್ಟ್ ಬ್ಲಾಕಲ್ಲಿ ನಿಂತು ಹೇಳು ನೋಡೋಣ, ನಾನು ದೂರದಿಂದ ವಿಡಿಯೋ ಮಾಡ್ತೀನಿ 😂